ಹಕ್ಕಿ ಬರೀ ನಿಂತಿರುವ ಫೋಟೋಗಳೇ ಬರುತ್ತಿವೆ, ದೊಡ್ಡ ಲೆನ್ಸ್ ತಗೋಬೇಕಾ?

ಪ್ರಶ್ನೆ: ಮೈಸೂರಿನಲ್ಲಿದ್ದೇನೆ. ಕ್ರಾಪ್ ಸೆನ್ಸರ್ (ಚಿಕ್ಕ ಗಾತ್ರದ ಸೆನ್ಸರ್) ಕ್ಯಾಮೆರಾ, 150–600 ಎಂಎಂ ಲೆನ್ಸ್ ಇದೆ. ರಜೆ ಸಿಕ್ಕಾಗೆಲ್ಲ ಕುಕ್ಕರಹಳ್ಳಿ ಕೆರೆಗೋ ರಂಗನತಿಟ್ಟಿಗೋ ಹೋಗುತ್ತೇನೆ. ಫೋಟೋ ಶಾರ್ಪ್ ಆಗಿ ಬರುತ್ತವೆ, ಆದರೆ ಎಲ್ಲದರಲ್ಲೂ ಹಕ್ಕಿ ಸುಮ್ನೆ ನಿಂತಿರುತ್ತದೆ. ಮೀನು ಹಿಡಿಯುವುದು, ಜಗಳ, ಮರಿಗೆ ಉಣಿಸುವುದು ಎಲ್ಲವೂ ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ವೇಗದ ಕ್ಯಾಮೆರಾ, ಇನ್ನೂ ಉದ್ದದ ಲೆನ್ಸ್ ಕೊಂಡರೆ ಸರಿಹೋಗುತ್ತದಾ? ಗೂಡಿನ ಫೋಟೋ ತೆಗೆಯುವುದು ತಪ್ಪು ಅಂತ ಕೆಲವರು ಬೈಯುತ್ತಾರೆ, ನಿಜವಾ?

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಲೆನ್ಸ್ ಬೇಡ. 1.5 ಪಟ್ಟು ಕ್ರಾಪ್ ಇರುವ ಕ್ಯಾಮೆರಾದಲ್ಲಿ ನಿಮ್ಮ 600 ಎಂಎಂ ಈಗಾಗಲೇ 900 ಎಂಎಂನಷ್ಟು ಹತ್ತಿರ ತೋರಿಸುತ್ತಿದೆ. ಅದಕ್ಕಿಂತ ದೂರದ ಹಕ್ಕಿಯನ್ನು ಎಳೆದು ತರಲು ಹೋದರೆ ಅಡ್ಡ ಬರುವುದು ಗಾಜಲ್ಲ, ಗಾಳಿ. ಬಿಸಿಲು ಏರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯಲು ಶುರುವಾಗುತ್ತದೆ. ಆಮೇಲೆ ಎಷ್ಟು ಲಕ್ಷದ ಲೆನ್ಸ್ ಆದರೂ ದೂರದ ಹಕ್ಕಿಯ ಗರಿ ಕಲಸಿದಂತೆಯೇ ಬರುತ್ತದೆ. ಫೋಕಸ್ ತಪ್ಪಿದೆ ಅಂತ ಜನ ಸರ್ವಿಸ್ ಸೆಂಟರಿಗೆ ಹೋಗುತ್ತಾರೆ, ಪಾಪ.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: "ಕ್ಯಾಮೆರಾ ಎತ್ತುವಷ್ಟರಲ್ಲಿ ಮುಗಿದಿರುತ್ತದೆ". ಅಂದರೆ ನೀವು ಕ್ಯಾಮೆರಾ ಎತ್ತುವುದು ಆಗಿಹೋದದ್ದನ್ನು ನೋಡಿ. ಆಗುವ ಮೊದಲು ಹಕ್ಕಿ ಏನು ಮಾಡುತ್ತದೆ ಅನ್ನುವುದು ಗೊತ್ತಿದ್ದರೆ ಕ್ಯಾಮೆರಾ ಆಗಲೇ ಕಣ್ಣಿನಲ್ಲಿರುತ್ತದೆ. ನೀರುಹಕ್ಕಿಗಳು ಈ ವಿಷಯದಲ್ಲಿ ಬಹಳ ಉದಾರಿಗಳು. ಕಾಡಿನ ಹಕ್ಕಿ ಎಲೆ ಮರೆಗೆ ಹೋದರೆ ಮುಗಿಯಿತು. ಕೆರೆಯ ಹಕ್ಕಿ ಬಯಲಿನಲ್ಲಿ, ನಿಮ್ಮ ಕಣ್ಣೆದುರೇ, ಒಂದೇ ಕೆಲಸವನ್ನು ಬೆಳಗ್ಗೆಯಿಂದ ಹತ್ತಾರು ಸಲ ಮಾಡುತ್ತದೆ. ಮೊದಲ ಕೆಲವು ಸಲ ಸುಮ್ನೆ ನೋಡಿ. ಆಮೇಲೆ ತೆಗೆಯಿರಿ.

ಇದಕ್ಕೆ ಮೊದಲು ಬಿಡಬೇಕಾದ ಅಭ್ಯಾಸ ಕೆರೆ ಸುತ್ತುವುದು. ಜಾತ್ರೆಯಲ್ಲಿ ಅಂಗಡಿ ನೋಡಿಕೊಂಡು ಹೋದ ಹಾಗೆ ಪ್ರತಿ ಹಕ್ಕಿಯ ಮುಂದೆ ಎರಡು ನಿಮಿಷ ನಿಂತು, ನಾಲ್ಕು ಕ್ಲಿಕ್ ಮಾಡಿ ಮುಂದೆ ಹೋದರೆ ನಿಂತ ಹಕ್ಕಿಗಳೇ ಸಿಗುತ್ತವೆ. ಕುಕ್ಕರಹಳ್ಳಿಯಲ್ಲಿ ಇನ್ನೊಂದು ವಿಷಯ ಗಮನಿಸಿ. ಅಲ್ಲಿ ಬೆಳಗ್ಗೆ ವಾಕಿಂಗ್ ಮಾಡುವವರು ಅಷ್ಟೊಂದು ಜನ, ಜೋರಾಗಿ ಮಾತಾಡಿಕೊಂಡು ಹೋದರೂ ದಡದ ಕೊಳದ ಬಕ ಅಲ್ಲಾಡುವುದಿಲ್ಲ. ಅದೇ ಒಬ್ಬ ಮನುಷ್ಯ ನಡೆಯುವುದು ನಿಲ್ಲಿಸಿ, ಅದರ ಕಡೆ ತಿರುಗಿ, ಕಪ್ಪಗೆ ಉದ್ದದ ಏನೋ ಒಂದನ್ನು ಎತ್ತಿದರೆ ತಕ್ಷಣ ಕತ್ತು ನೆಟ್ಟಗಾಗುತ್ತದೆ. ಹಾದುಹೋಗುವವರ ಬಗ್ಗೆ ಹಕ್ಕಿಗೆ ತಲೆಬಿಸಿ ಇಲ್ಲ, ನಿಂತು ದಿಟ್ಟಿಸುವವರ ಬಗ್ಗೆ ಇದೆ. ಹಾಗಾಗಿ ಹಕ್ಕಿ ಬರುವ ಮೊದಲೇ ನೀವು ಹೋಗಿ ಕೂತಿರಬೇಕು. ಕತ್ತಲು ಹರಿಯುವ ಹೊತ್ತಿಗೆ ಒಂದು ಜಾಗ ಹಿಡಿದು, ನೆಲದ ಮೇಲೆ ಕೂತು, ಲೆನ್ಸನ್ನು ಬೀನ್ ಬ್ಯಾಗಿನ (ಕಾಳು ತುಂಬಿದ ಚೀಲದ) ಮೇಲೆ ಇಟ್ಟುಬಿಡಿ. ಮಬ್ಬು ಬಣ್ಣದ ಬಟ್ಟೆ ಸಾಕು, ಮಿಲಿಟರಿ ವೇಷ ಬೇಕಾಗಿಲ್ಲ. ಬಣ್ಣಕ್ಕಿಂತ ಅಲುಗಾಟವೇ ಜಾಸ್ತಿ ತೊಂದರೆ ಕೊಡುವುದು.

ಯಾವ ಹಕ್ಕಿಯಿಂದ ಶುರು ಮಾಡುವುದು? ನಾನು ಹಾವಕ್ಕಿ (ಡಾರ್ಟರ್) ಅನ್ನುತ್ತೇನೆ. ನಿಮ್ಮ ಎರಡೂ ಜಾಗದಲ್ಲಿ ಇದೆ, ಮತ್ತು ಮೀನು ಹಿಡಿಯುವುದನ್ನು ಇದರಷ್ಟು ಸಾವಕಾಶವಾಗಿ ತೋರಿಸುವ ಹಕ್ಕಿ ಇನ್ನೊಂದಿಲ್ಲ. ಇದರ ಗರಿ ನೀರು ಹೀರಿಕೊಳ್ಳುತ್ತದೆ. ಅದಕ್ಕೇ ಈಜುವಾಗ ಮೈ ಪೂರ್ತಿ ಮುಳುಗಿ ಕತ್ತು ಮಾತ್ರ ಹೊರಗಿರುತ್ತದೆ. ನೀರಿನ ಒಳಗೆ ಕತ್ತನ್ನು ಮಡಚಿ ಹಿಡಿದುಕೊಂಡು ಮೀನಿನ ಹತ್ತಿರ ಹೋಗಿ, ಥಟ್ಟನೆ ಚಾಚಿ ಭರ್ಜಿಯ ಥರ ಚುಚ್ಚುತ್ತದೆ. ಆ ಚುಚ್ಚುವುದು ನಿಮಗೆ ಕಾಣುವುದಿಲ್ಲ, ಬಿಟ್ಟುಬಿಡಿ. ಫೋಟೋ ಇರುವುದು ಅದರ ನಂತರ.

ಹಾವಕ್ಕಿ ಮೇಲೆ ಬಂದಾಗ ಮೊದಲು ಕೊಕ್ಕು ನೋಡಿ. ಬರಿಗೈಲಿ ಬಂದಿದ್ದರೆ ಕತ್ತು ಸಡಿಲವಾಗಿರುತ್ತದೆ, ಆಚೀಚೆ ನೋಡಿ ಮತ್ತೆ ಮುಳುಗುತ್ತದೆ. ಮೀನು ಇದ್ದರೆ ಕತ್ತು ಸೆಟೆದುಕೊಂಡಿರುತ್ತದೆ. ಈಗ ಅದಕ್ಕೊಂದು ಪೀಕಲಾಟ: ಮೀನು ಕೊಕ್ಕಿಗೆ ಅಡ್ಡಕ್ಕೆ ಚುಚ್ಚಿಕೊಂಡಿದೆ, ಹಾಗೇ ನುಂಗಲು ಆಗುವುದಿಲ್ಲ. ತಲೆಯನ್ನು ಝಾಡಿಸಿ ಮೀನನ್ನು ಸಡಿಲ ಮಾಡುತ್ತದೆ, ಒಂದೆರಡು ಸಲ ನೀರಿಗೆ ಬಡಿಯಲೂಬಹುದು. ಆಮೇಲೆ ಮೇಲಕ್ಕೆ ಎಸೆದು, ಮೀನಿನ ತಲೆ ಮೊದಲು ಒಳಗೆ ಹೋಗುವ ಹಾಗೆ ಬಾಯಲ್ಲಿ ಹಿಡಿಯುತ್ತದೆ. ಬಾಲ ಮೊದಲಾದರೆ ಮೀನಿನ ಮುಳ್ಳುರೆಕ್ಕೆ ಗಂಟಲಿಗೆ ಚುಚ್ಚುತ್ತದಲ್ಲ. ಈ ಝಾಡಿಸುವುದು ಶುರುವಾಯಿತೆಂದರೆ ನಿಮ್ಮ ಬೆರಳು ಶಟರ್ ಮೇಲೆ ಅರ್ಧ ಒತ್ತಿರಬೇಕು. ಕೊಕ್ಕು ಆಕಾಶದ ಕಡೆ ಏಳುತ್ತಿದ್ದ ಹಾಗೆ ಬರ್ಸ್ಟ್ (ಒಂದರ ಹಿಂದೊಂದು ಸರಸರನೆ ಫೋಟೋ) ಬಿಡಿ. ಮೀನು ಗಾಳಿಯಲ್ಲಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಎಸೆಯುವುದನ್ನು ಕಂಡ ಮೇಲೆ ಒತ್ತಿದರೆ ಸಿಗುವುದು ಉಬ್ಬಿದ ಗಂಟಲು ಮಾತ್ರ. ಒಂದು ಕಣ್ಣು ಸುತ್ತಮುತ್ತಲೂ ಇರಲಿ. ಕೊಕ್ಕಿನಲ್ಲಿ ಮೀನು ಕಂಡರೆ ಪಕ್ಕದ ಬಕವೋ ಮೇಲಿನ ಗರುಡವೋ ಕಿತ್ತುಕೊಳ್ಳಲು ಬರುವುದುಂಟು. ಎಸೆಯುವ ಚಿತ್ರಕ್ಕಿಂತ ಆ ಕಿತ್ತಾಟದ ಚಿತ್ರವೇ ನನಗೆ ಮೇಲು, ಯಾಕೆಂದರೆ ಅದರಲ್ಲಿ ಕೆರೆಯ ರಾಜಕೀಯ ಇರುತ್ತದೆ.

ಹೀಗೆ ಪ್ರತಿ ಹಕ್ಕಿಗೂ ಒಂದು ಮುನ್ಸೂಚನೆ ಇದೆ. ಕಪ್ಪು ಬಿಳುಪು ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ, ಕೊಕ್ಕು ನೆಟ್ಟಗೆ ಕೆಳಗೆ. ಆ ನಿಂತ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ನೀವು 600ರಿಂದ 350–400ಕ್ಕೆ ಝೂಮ್ ಹಿಂದೆ ಎಳೆದು, ಹಕ್ಕಿಯನ್ನು ಚೌಕಟ್ಟಿನ ಮೇಲ್ಭಾಗದಲ್ಲಿಟ್ಟು, ಕೆಳಗೆ ನೀರಿಗೆ ಜಾಗ ಬಿಟ್ಟು ಕಾಯಿರಿ. ಅದು ಎಷ್ಟೋ ಸಲ ಒಂದೇ ಸಲಕ್ಕೆ ಧುಮುಕುವುದಿಲ್ಲ, ಮೆಟ್ಟಿಲು ಇಳಿದಂತೆ ಸ್ವಲ್ಪ ಕೆಳಗಿಳಿದು ಮತ್ತೆ ನಿಂತು ಆಮೇಲೆ ಬೀಳುತ್ತದೆ. ಹೆಜ್ಜಾರ್ಲೆ (ಪೆಲಿಕನ್) ನೀರಿಗೆ ಕೊಕ್ಕು ಹಾಕಿ ಎತ್ತಿದಾಗ ಚೀಲದಲ್ಲಿ ಮೀನಿನ ಜೊತೆ ನೀರೂ ತುಂಬಿರುತ್ತದೆ. ಮೊದಲು ಕೊಕ್ಕನ್ನು ಎದೆಗೆ ಒತ್ತಿ ನೀರು ಸುರಿಸುತ್ತದೆ, ಆಮೇಲೆ ತಲೆ ಮೇಲೆತ್ತಿ ನುಂಗುತ್ತದೆ. ನೀರು ಸುರಿಯುವ ಆ ಗಳಿಗೆಯಲ್ಲಿ ಬೆಳಕು ಹಿಂದಿನಿಂದ ಬಂದರೆ ಚೀಲದೊಳಗಿನ ಮೀನಿನ ನೆರಳೂ ಕಾಣಬಹುದು. ಬಾಯ್ಕಳಕ ಕೊಕ್ಕರೆ (ಓಪನ್‌ಬಿಲ್) ಬಸವನಹುಳು ಹುಡುಕುವಾಗ ಕಣ್ಣಿಗಿಂತ ಕೊಕ್ಕನ್ನು ನಂಬುತ್ತದೆ. ತಲೆ ಪೂರ್ತಿ ನೀರಿನಲ್ಲಿ, ಹಿಂಭಾಗ ಮಾತ್ರ ನಿಮ್ಮ ಕಡೆ, ನೋಡಲು ಬೇಸರ. ಆದರೆ ತಲೆ ಅಲ್ಲಾಡುವುದು ನಿಂತು ಒಂದೇ ಕಡೆ ಇದ್ದರೆ ಚಿಪ್ಪಿನ ಕೆಲಸ ನಡೆದಿದೆ, ಈಗ ಮೇಲೆ ಬರುತ್ತದೆ ಅಂತ ಅರ್ಥ.

ಗುಳುಮುಳುಕವನ್ನು (ಲಿಟಲ್ ಗ್ರೀಬ್) ಚಿಕ್ಕದು ಅಂತ ಜನ ಬಿಟ್ಟುಬಿಡುತ್ತಾರೆ. ದೊಡ್ಡ ತಪ್ಪು. ಇಷ್ಟು ಚಟುವಟಿಕೆಯ ಹಕ್ಕಿ ಇನ್ನೊಂದಿಲ್ಲ. ಮಳೆಗಾಲದಲ್ಲಿ ಜೋಡಿಯಾದಾಗ ಕಿಲಕಿಲ ಅಂತ ಉದ್ದಕ್ಕೆ ಕೂಗುತ್ತವಲ್ಲ, ಆ ಕೂಗು ಕೇಳಿದ ಕಡೆ ಲೆನ್ಸ್ ತಿರುಗಿಸಿ. ಅದರ ಹಿಂದೆಯೇ ಒಂದು ಇನ್ನೊಂದನ್ನು ನೀರಿನ ಮೇಲೆ ಓಡಿಸಿಕೊಂಡು ಹೋಗುವುದು ಮಾಮೂಲು, ಕಾಲಿನಿಂದ ನೀರು ಹಿಂದಕ್ಕೆ ಚಿಮ್ಮುತ್ತದೆ. ಮುಳುಗಿದ ಮೇಲೆ ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಎದ್ದೇ ಏಳುತ್ತದೆ. ಎಲ್ಲಿ ಏಳುತ್ತದೆ ಅನ್ನುವುದೇ ಜೂಜು. ನೀರಿನ ಮೇಲೆ ಸಣ್ಣ ಗುಳ್ಳೆಗಳ ಸಾಲು ಕಂಡರೆ ಅದು ಹೋಗುತ್ತಿರುವ ದಿಕ್ಕಿನಲ್ಲಿ ಕಾಯಿರಿ. ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಪಟ್ಟೆ ಪಟ್ಟೆ ತಲೆಯ ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುತ್ತವೆ. ಒಂದು ಹಕ್ಕಿ ಹೊತ್ತಿರುತ್ತದೆ, ಇನ್ನೊಂದು ಉಣಿಸಲು ಬರುತ್ತದೆ.

ಬಾತುಗಳಲ್ಲಿ, ವರಟೆ ಆಗಲಿ ಚಳಿಗಾಲಕ್ಕೆ ಬರುವ ಬೇರೆ ಬಾತುಗಳಾಗಲಿ, ಒಂದು ಕ್ರಮ ಇದೆ. ಮೊದಲು ತಲೆ ಮುಳುಗಿಸಿ ಮುಳುಗಿಸಿ ಸ್ನಾನ. ಸ್ನಾನ ಮುಗಿದ ಮೇಲೆ ಎದೆ ಎತ್ತಿ ನಿಂತು ರೆಕ್ಕೆ ಬಡಿತ. ಆಮೇಲೆ ಗರಿ ತಿದ್ದಿಕೊಳ್ಳುವುದು. ಸ್ನಾನ ನೋಡಿದಿರೋ, ರೆಕ್ಕೆ ಬಡಿತ ಬರುವುದು ಹೆಚ್ಚುಕಮ್ಮಿ ಖಾತ್ರಿ. ಸ್ನಾನದಲ್ಲೇ ಕ್ಯಾಮೆರಾದ ಬಫರ್ (ಕಾರ್ಡಿಗೆ ಬರೆಯುವ ಮೊದಲು ಫೋಟೋ ಇಟ್ಟುಕೊಳ್ಳುವ ಜಾಗ) ತುಂಬಿಸಿಕೊಂಡು ಕೂರಬೇಡಿ. ಹಾರುವ ಮೊದಲೂ ಸೂಚನೆ ಇದೆ: ಬಾತುಗಳು ತಲೆ ಮೇಲೆ ಕೆಳಗೆ ಕುಣಿಸುತ್ತವೆ, ಬಕ ಮತ್ತು ಕೊಕ್ಕರೆಗಳು ಬಗ್ಗಿ ಮೊಣಕಾಲು ಮಡಚುತ್ತವೆ, ಎಷ್ಟೋ ಸಲ ಹಿಕ್ಕೆ ಹಾಕಿ ಹಗುರಾಗಿ ಹೊರಡುತ್ತವೆ. ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿಯೇ. ಹಾಗಾಗಿ ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಇಳಿಯುವ ಹಕ್ಕಿಯ ಮುಖ ನಿಮ್ಮ ಕಡೆ ಇರುತ್ತದೆ. ಬೆಳಗ್ಗೆ ಪೂರ್ವದ ದಡದಲ್ಲಿ, ಸೂರ್ಯ ಬೆನ್ನಿಗಿಟ್ಟು ಕೂತು, ಗಾಳಿಯೂ ಬೆನ್ನ ಕಡೆಯಿಂದಲೇ ಬಂದ ದಿನ ಮನೆಗೆ ಫೋನ್ ಮಾಡಿ ತಿಂಡಿಗೆ ಕಾಯಬೇಡಿ ಅಂದುಬಿಡಿ.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಬೇಗ ಹೇಳುತ್ತೇನೆ. ಶಟರ್ ವೇಗ, ಮೀನು ಎಸೆಯುವುದಕ್ಕೆ, ಧುಮುಕುವುದಕ್ಕೆ, ಜಗಳಕ್ಕೆ 1/2000 ಸೆಕೆಂಡ್ ಅಥವಾ ಅದಕ್ಕಿಂತ ವೇಗ. ಮಿಂಚುಳ್ಳಿ, ರೀವ (ಟರ್ನ್) ಹಕ್ಕಿಗಳಿಗೆ 1/3200. ನಿಧಾನ ರೆಕ್ಕೆಯ ಕೊಕ್ಕರೆ, ಹೆಜ್ಜಾರ್ಲೆಗೆ 1/1000 ಸಾಕು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋಗೆ ಬಿಡಿ. ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಈಗ ಚೆನ್ನಾಗಿವೆ, ಅಲುಗಿದ ಫೋಟೋ ಸರಿಮಾಡುವ ಸಾಫ್ಟ್‌ವೇರ್ ಅಷ್ಟು ಚೆನ್ನಾಗಿಲ್ಲ. ಫೋಕಸ್ ನಿರಂತರ ಮೋಡಿನಲ್ಲಿರಲಿ, ಫೋಕಸ್ ಮಾಡುವ ಕೆಲಸ ಕ್ಯಾಮೆರಾದ ಹಿಂಬದಿಯ ಬಟನ್ನಿಗೆ ಕೊಡಿ. ಹಕ್ಕಿಯ ಕಣ್ಣು ಹುಡುಕುವ ವ್ಯವಸ್ಥೆ ನಿಮ್ಮ ಕ್ಯಾಮೆರಾದಲ್ಲಿ ಇದ್ದರೆ ಬಳಸಿ, ಆದರೆ ಜೊಂಡಿನ ಮಧ್ಯೆ ಅದು ಹುಲ್ಲನ್ನೇ ಹಿಡಿದುಕೊಂಡು ಕೂರುತ್ತದೆ, ಅಲ್ಲಿ ಒಂದೇ ಪಾಯಿಂಟಿಗೆ ಬನ್ನಿ. ಕೆಲವು ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಶಟರ್ ಪೂರ್ತಿ ಒತ್ತುವ ಮೊದಲಿನ ಅರ್ಧ ಸೆಕೆಂಡನ್ನೂ ಉಳಿಸಿಕೊಡುವ ಸೌಲಭ್ಯ ಇದೆ. ಬಹಳ ಉಪಯೋಗಿ, ಸುಳ್ಳು ಹೇಳುವುದಿಲ್ಲ. ಆದರೂ ಯಾವ ಹಕ್ಕಿಯ ಕಡೆ ಲೆನ್ಸ್ ತಿರುಗಿಸಬೇಕು ಅನ್ನುವುದನ್ನು ಅದು ಹೇಳುವುದಿಲ್ಲ.

ಜಗಳ, ಜೋಡಿಯಾಟಗಳಲ್ಲಿ ಎರಡು ಹಕ್ಕಿ ಇರುವುದರಿಂದ ಇನ್ನೊಂದು ತೊಂದರೆ ಬರುತ್ತದೆ. ನಿಮ್ಮ ಲೆನ್ಸಿನಲ್ಲಿ 600 ಎಂಎಂ, ಎಫ್ 6.3 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಸ್ಪಷ್ಟ ಆಳ ಹೆಚ್ಚು), ಹಕ್ಕಿ 15 ಮೀಟರ್ ದೂರ ಅಂತ ಇಟ್ಟುಕೊಂಡರೆ, ಸ್ಪಷ್ಟವಾಗಿ ಬರುವ ಆಳ ಸುಮಾರು 15 ಸೆಂಟಿಮೀಟರ್ ಅಷ್ಟೇ. ಒಂದು ಹಕ್ಕಿಗೇ ಸಾಲದು. ಎಫ್ 8 ಅಥವಾ 10ಕ್ಕೆ ಹೋಗಿ, ಜೊತೆಗೆ ಎರಡೂ ಹಕ್ಕಿ ನಿಮಗೆ ಅಡ್ಡಲಾಗಿ ಒಂದೇ ದೂರದಲ್ಲಿ ಬರುವ ಗಳಿಗೆ ನೋಡಿ ಒತ್ತಿ.

ಬಿಳಿ ಗರಿಯ ವಿಷಯದಲ್ಲಿ ಮಾತ್ರ ಅವಸರ ಬೇಡ. ಬೆಳ್ಳಕ್ಕಿ, ಚಮಚದ ಕೊಕ್ಕು, ಬಣ್ಣದ ಕೊಕ್ಕರೆ, ನಮ್ಮ ಕೆರೆಗಳಲ್ಲಿ ಅರ್ಧಕ್ಕರ್ಧ ಬಿಳಿ ಹಕ್ಕಿಗಳೇ. ಹಿಂದೆ ಕಪ್ಪು ನೀರು ಅಥವಾ ಮರದ ನೆರಳು ಇದ್ದರೆ ಕ್ಯಾಮೆರಾ ಮೋಸಹೋಗಿ ಬೆಳಕು ಜಾಸ್ತಿ ಕೊಡುತ್ತದೆ, ಗರಿಯೆಲ್ಲ ಸುಟ್ಟು ಬಿಳಿ ಕಾಗದ ಆಗುತ್ತದೆ. ಬೆಳಕನ್ನು ಒಂದು ಸ್ಟಾಪಿನಷ್ಟು, ಅಂದರೆ ಅರ್ಧಕ್ಕೆ, ಕಡಿಮೆ ಮಾಡಿ. ಹಿಂದೆ ಬೆಳ್ಳನೆಯ ಆಕಾಶ ಇದ್ದರೆ ಇದರ ಉಲ್ಟಾ, ಹೆಚ್ಚು ಕೊಡಬೇಕು. ಹಿಸ್ಟೋಗ್ರಾಂ (ಫೋಟೋದಲ್ಲಿ ಬೆಳಕು-ಕತ್ತಲು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ನೋಡುವ ಅಭ್ಯಾಸ ಮಾಡಿಕೊಳ್ಳಿ. ಇನ್ನು ಕೋನ. ಏರಿಯ ಮೇಲೆ ನಿಂತು ಕೆಳಗೆ ನೋಡಿ ತೆಗೆದರೆ ಹಕ್ಕಿಯ ಬೆನ್ನು ಮತ್ತು ಹಸಿರು ನೀರು. ಲೆನ್ಸ್ ನೀರಿನ ಮಟ್ಟಕ್ಕೆ ಇಳಿದಷ್ಟೂ ಹಕ್ಕಿಯ ಕಣ್ಣು ನಿಮ್ಮ ಕಣ್ಣಿಗೆ ಸಮ ಬರುತ್ತದೆ, ಹಿಂದಿನ ದಡ ದೂರ ಸರಿದು ಮಸುಕಾಗುತ್ತದೆ. ಇದೊಂದನ್ನು ಮಾಡಿದರೂ ನಿಂತ ಹಕ್ಕಿಯ ಫೋಟೋ ಕೂಡ ಬೇರೆಯಾಗಿ ಕಾಣುತ್ತದೆ. ಹಾಗಂತ ಮೊಸಳೆ ಇರುವ ಹೊಳೆಯ ದಡದಲ್ಲಿ ಮಲಗಿ ಪ್ರಯೋಗ ಮಾಡಬೇಡಿ.

ಮೊಸಳೆ ಅಂದಮೇಲೆ ರಂಗನತಿಟ್ಟು. ಅಲ್ಲಿ ನೀವು ದೋಣಿಯಲ್ಲಿ ಇರುತ್ತೀರಿ, ಜಾಗ ಹಿಡಿದು ಕೂರುವ ಮಾತಿಲ್ಲ. ಆದರೆ ಗೂಡು ಕಟ್ಟುವ ಹಕ್ಕಿಗಳು ಅಲ್ಲಿ ದೋಣಿಗೆ ಎಷ್ಟು ಒಗ್ಗಿಹೋಗಿವೆ ಅಂದರೆ, ಸಹಜ ನಡವಳಿಕೆಯನ್ನು ಅಷ್ಟು ಹತ್ತಿರದಿಂದ ನೋಡಲು ಸಿಗುವ ಜಾಗ ಕಡಿಮೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ ಆದ ಪಕ್ಷಿಧಾಮ ಅದು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಒಟ್ಟು 0.67 ಚದರ ಕಿಲೋಮೀಟರಿನ ಪುಟ್ಟ ಜಾಗ. ಬೆಳಗ್ಗೆ ಮೊದಲ ದೋಣಿ ಹಿಡಿಯಿರಿ, ಅಂಚಿನ ಸೀಟಿನಲ್ಲಿ ಕೂರಿ, ಮೊಣಕೈಯನ್ನು ದೋಣಿಯ ಅಂಚಿಗೆ ಊರಬೇಡಿ, ಅಲುಗಾಟವೆಲ್ಲ ಲೆನ್ಸಿಗೆ ಬರುತ್ತದೆ. ಹುಟ್ಟು ಹಾಕುವ ಸಿಬ್ಬಂದಿಯ ಜೊತೆ ವಿಶ್ವಾಸದಿಂದ ಮಾತಾಡಿ. ಯಾವ ಬಂಡೆಯ ಮೇಲೆ ರೀವಗಳ ಜೋಡಿ ಇದೆ, ಯಾವ ಮರದಲ್ಲಿ ಮರಿ ದೊಡ್ಡದಾಗಿದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಜಾಸ್ತಿ ಹತ್ತಿರ ಹೋಗಿ ಅಂತ ಮಾತ್ರ ಅವರಿಗೆ ಹೇಳಬೇಡಿ.

ಅಲ್ಲಿ ಬಣ್ಣದ ಕೊಕ್ಕರೆಯ ಒಂದು ಗೂಡನ್ನು ಆಯ್ದುಕೊಂಡು ನೋಡಿ. ಕಾವಲಿಗೆ ನಿಂತ ಹಕ್ಕಿ ಇದ್ದಕ್ಕಿದ್ದ ಹಾಗೆ ಚುರುಕಾಗಿ, ತಲೆ ಮೇಲೆ ಕೆಳಗೆ ಆಡಿಸಿ, ಕೊಕ್ಕು ಕಟಕಟ ಅನ್ನಿಸಿದರೆ ಅದರ ಜೋಡಿ ಬರುತ್ತಿದೆ. ನಿಮಗಿಂತ ಮೊದಲೇ ಅದಕ್ಕೆ ಕಂಡಿರುತ್ತದೆ. ಮರಿಗಳಿದ್ದರೆ ಬಂದ ಹಕ್ಕಿ ಕತ್ತು ಬಗ್ಗಿಸಿ ಮೀನನ್ನು ಗೂಡಿನ ತಳಕ್ಕೆ ಕಕ್ಕುತ್ತದೆ, ಮರಿಗಳು ಮುಗಿಬೀಳುತ್ತವೆ. ನಡು ಮಧ್ಯಾಹ್ನ ಬೆಳಕು ಕೆಟ್ಟದು ಅಂತ ಎಲ್ಲರೂ ಊಟಕ್ಕೆ ಹೋಗುತ್ತಾರೆ. ಆದರೆ ಮರಿಗಳ ಮೇಲೆ ರೆಕ್ಕೆ ಬಿಡಿಸಿ ನೆರಳು ಕೊಡುವುದು, ಕಾಲಿನ ಮೇಲೆ ಹಿಕ್ಕೆ ಹಾಕಿಕೊಂಡು ಮೈ ತಣ್ಣಗೆ ಮಾಡಿಕೊಳ್ಳುವುದು ಎಲ್ಲ ನಡೆಯುವುದು ಆಗಲೇ. ಕೊಕ್ಕರೆ ಬೆಳ್ಳೂರಿಗೆ ಫೆಬ್ರವರಿ, ಮಾರ್ಚಿನಲ್ಲಿ ಹೋದರೆ ಇದನ್ನೆಲ್ಲ ಊರಿನ ರಸ್ತೆಯಲ್ಲಿ ನಿಂತೇ ನೋಡಬಹುದು. ಹುಣಸೆ ಮರದ ಮೇಲೆ ಹೆಜ್ಜಾರ್ಲೆ, ಕೆಳಗೆ ಕಟ್ಟಿದ ಎಮ್ಮೆ. ಆ ಎಮ್ಮೆಯೂ ಚಿತ್ರದಲ್ಲಿರಲಿ, ಅದನ್ನು ಕ್ರಾಪ್ ಮಾಡಿ ಕಾಡಿನಂತೆ ತೋರಿಸುವುದು ಯಾಕೆ?

ಈಗ ನಿಮ್ಮ ಕೊನೆಯ ಪ್ರಶ್ನೆ. ಬೈಯುವವರು ಪೂರ್ತಿ ತಪ್ಪಲ್ಲ. ಮೇಲೆ ಹೇಳಿದ ಎರಡು ಜಾಗಗಳಲ್ಲಿ ಹಕ್ಕಿಗಳು ಜನರಿಗೆ ಒಗ್ಗಿವೆ, ನೀವು ದೋಣಿಯಲ್ಲೋ ರಸ್ತೆಯಲ್ಲೋ ಇರುತ್ತೀರಿ, ತೊಂದರೆ ಇಲ್ಲ. ಆದರೆ ಬೇರೆ ಕೆರೆಯಲ್ಲಿ ನೆಲದ ಮೇಲೆ ಅಥವಾ ನೀರಿನ ಮೇಲೆ ಇರುವ ಗೂಡಿನ ಹತ್ತಿರ ಹೋಗಬೇಡಿ. ಗುಳುಮುಳುಕ ಗೂಡು ಬಿಟ್ಟು ಇಳಿಯುವಾಗ ಜೊಂಡು, ಪಾಚಿ ಎಳೆದು ಮೊಟ್ಟೆ ಮುಚ್ಚುತ್ತದೆ. ಅದನ್ನು ಚಂದದ ನಡವಳಿಕೆ ಅಂತ ಕೆಲವರು ತೆಗೆಯುತ್ತಾರೆ. ಆದರೆ ನೀವು ಹತ್ತಿರ ಹೋದಾಗಲೇ ಅದು ಹಾಗೆ ಮಾಡಿದರೆ ಆ ಚಿತ್ರದಲ್ಲಿರುವುದು ನಿಮ್ಮನ್ನು ಕಂಡು ಅದಕ್ಕಾದ ಹೆದರಿಕೆ. ಟಿಟ್ಟಿಭ (ಲ್ಯಾಪ್‌ವಿಂಗ್) ತಲೆ ಮೇಲೆ ಸುತ್ತುತ್ತಾ ಅರಚುವುದೂ ಅಷ್ಟೇ. ನೀವು ಅಲ್ಲಿ ನಿಂತಿರುವಷ್ಟು ಹೊತ್ತು ಮೊಟ್ಟೆ ಬಿಸಿಲಿನಲ್ಲಿ ಬೇಯುತ್ತಿರುತ್ತದೆ, ಕಾಗೆ ನೋಡುತ್ತಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವುದರ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಬೇಕಾಗಿಲ್ಲ. ಜೊಂಡು ಕತ್ತರಿಸಿ ದಾರಿ ಮಾಡುವುದು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು, ಹಾರಲಿ ಅಂತ ಕಲ್ಲು ಎಸೆಯುವುದು, ಇವನ್ನು ಮಾಡುವವರ ಜೊತೆ ಹೋಗಲೇಬೇಡಿ.

ಟಬ್ಬಿನಲ್ಲಿ ಮೀನು ಬಿಟ್ಟು ಮಿಂಚುಳ್ಳಿ ಧುಮುಕಿಸುವ ಕಾಸಿನ ಸೆಟಪ್‌ಗಳೂ ಅಲ್ಲಲ್ಲಿ ಇವೆ. ಚಿತ್ರ ಗಾಜಿನಷ್ಟು ಸ್ಪಷ್ಟ ಬರುತ್ತದೆ, ಎಲ್ಲರದ್ದೂ ಒಂದೇ ಥರ ಇರುತ್ತದೆ. ಅದು ಸಹಜ ನಡವಳಿಕೆ ಅಂತ ನಾನು ಒಪ್ಪುವುದಿಲ್ಲ, ಸ್ಪರ್ಧೆಗೆ ಕಳಿಸುವವರು ಹಾಗಂತ ಬರೆದೇ ಕಳಿಸಲಿ.

ಚಳಿಗಾಲ ಬಂದಾಗ ನಿಮ್ಮ ಹತ್ತಿರದ ಹದಿನಾರು ಕೆರೆಗೆ ಒಮ್ಮೆ ಹೋಗಿ, ಗದಗದ ಕಡೆ ಹೋಗುವುದಾದರೆ ಮಾಗಡಿ ಕೆರೆಗೆ. ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆಲ್ಲ ಬರುತ್ತವೆ. ಹಗಲು ಹೆಚ್ಚಾಗಿ ಕೆರೆಯಲ್ಲಿ ವಿಶ್ರಾಂತಿ, ಮೇಯಲು ಹೊಲಗಳಿಗೆ ಹೋಗುತ್ತವೆ. ಹಾಗಾಗಿ ಮಧ್ಯಾಹ್ನ ಹೋದರೆ ನಿಮ್ಮ ಹಳೆಯ ದೂರೇ ಮತ್ತೆ: ಬರೀ ನಿಂತ ಹಕ್ಕಿ. ನಸುಕಿನಲ್ಲಿ ಹೋಗಿ, ಹೊಲದಿಂದ ಕೆರೆಗೆ ವಾಪಸ್ ಇಳಿಯುವುದಕ್ಕೆ ಕಾಯಿರಿ. ಗುಂಪಿನಲ್ಲಿ ಯಾವುದಾದರೂ ಹಕ್ಕಿಯ ಕತ್ತಿನಲ್ಲಿ ಪ್ಲಾಸ್ಟಿಕ್ ಪಟ್ಟಿ ಇದೆಯಾ ಅಂತ ಫೋಟೋ ದೊಡ್ಡದು ಮಾಡಿ ನೋಡಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಸಿಕ್ಕಿದ್ದಿದೆ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ಕೆರೆಯ ಹೆಸರು, ತಾರೀಖು ಇಷ್ಟನ್ನು ಬರೆದು ಫೋಟೋ ಜೊತೆ, ಹಕ್ಕಿಗಳ ವಲಸೆಯ ಅಧ್ಯಯನ ಮಾಡುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಆ ಫೋಟೋ ಶಾರ್ಪ್ ಇಲ್ಲದಿದ್ದರೂ ಪರವಾಗಿಲ್ಲ, ಅಂಕಿ ಓದುವ ಹಾಗಿದ್ದರೆ ಸಾಕು.